ಕಾಲ್ನಡಿಗೆಯಲ್ಲಿ ಕಂಡ ನಮ್ಮ ಸೀಮೆ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸುಗ್ಗಿ ಮುಗಿದ ಮೇಲೆ ನಾವು ಐದು ಮಂದಿ ಸದಸ್ಯರು ರೊಟ್ಟಿ ಬುತ್ತಿ ಕಟ್ಟಿಕೊಂಡು ಮೂಡಲಗಿಯಿಂದ ಹುಕ್ಕೇರಿಯವರೆಗೆ ನಡೆದೆವು. ದಾರಿ ತೋರಿಸುವವರು ಯಾರೂ ಇರಲಿಲ್ಲ; ಕೇಳುತ್ತ ಹೋದೆವು. "ಯಲ್ಲಮ್ಮಗ ಹೊಂಟೀರೇನ್ರಿ?" ಎಂದರು. "ಇಲ್ರಿ, ನಮ್ಮ ಸೀಮಿ ನೋಡಾಕ ಹೊಂಟೇವಿ" ಅಂದರೆ ನಕ್ಕರು.

ಕಲ್ಲೊಳಿಯಲ್ಲಿ ನಿಂತಾಗ ರಟ್ಟರ ನೆನಪಾಯಿತು. ಅಲ್ಲಿಯ ಬಸದಿಗೆ ಕೊಟ್ಟ ದತ್ತಿಯ ಶಾಸನ 1204ರ ಸುಮಾರಿನದು. ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ 170 ಅಡಿ ಧುಮುಕುತ್ತಾಳೆ. ಆಗ ನೀರು ಸಣ್ಣದಿತ್ತು. ದಂಡೆಯ ಮಹಾಲಿಂಗೇಶ್ವರ ಗುಡಿ ಚಾಲುಕ್ಯ ಶೈಲಿಯದು. ಕೊಣ್ಣೂರಿನ ಬಳಿ ಇತಿಹಾಸಪೂರ್ವ ಕಾಲದ ಕಲ್ಲುಗೋರಿಗಳಿವೆ. ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟ ಕಂಡೆವು. ಅದೇ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿ, ಹಳ್ಳಿಗಳಿಗೆ ದೀಪ ಕೊಟ್ಟಿತು. ಸಹಕಾರಿಗಳಾದ ನಮಗೆ ಅದೂ ಒಂದು ಯಾತ್ರಾಸ್ಥಳವೇ.

ಆದರೆ ದಾರಿಯ ಒಂದು ಊರಿನಲ್ಲಿ ವೀರಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದರು. ಅವರನ್ನು ಅನ್ನುವುದಕ್ಕೆ ನಮಗೆ ಬಾಯಿ ಬರಲಿಲ್ಲ. ನಮ್ಮೂರ ಅಗಸಿಯ ಮುಂದೆ ನಾವು ಕುಂತು ಹರಟೆ ಹೊಡೆಯುವ ಕಲ್ಲೂ ಅಂಥದೇ! ಊರು ಕಾಯಲು ಸತ್ತವನ ಎದೆಯ ಮೇಲೆ ಇಷ್ಟು ವರ್ಷ ಕುಂತೇವಲ್ಲ!

ಮೋಟಾರ ಸೈಕಲ್ಲಿನ ಮೇಲೆ ಹೋಗುವವರಿಗೆ ಇವು ಕಾಣುವುದಿಲ್ಲ. ಆದ್ದರಿಂದ ವರ್ಷಕ್ಕೊಮ್ಮೆ ಸಂಘದ ಸದಸ್ಯರು ಮಕ್ಕಳನ್ನು ಕರೆದುಕೊಂಡು ಒಂದು ದಿನ ನಡೆಯೋಣ. ಮೊದಲು ಅಗಸಿಯ ಆ ಕಲ್ಲನ್ನು ತೊಳೆದು ಕಟ್ಟೆಯ ಮೇಲೆ ನಿಲ್ಲಿಸೋಣ. ನಾವು ಐವರೂ ಕೈ ಹಚ್ಚಲು ತಯಾರಿದ್ದೇವೆ, ನೀವೂ ಬರ್ರಿ.

ಜೈ ಸಹಕಾರ!