ಹೆಗಲಿನ ಗಂಟಿಗೆ ಒಣ ಸೂಜಿ

ಬೀಜ, ಗೊಬ್ಬರ, ಕೀಟದ ಮಾತು ಆಡಬೇಕಾದವನು ಮೈಕೈ ನೋವಿನ ವಿಚಾರ ತೆಗೆದಿದ್ದಾನಲ್ಲ ಎಂದು ತಾವು ನಗಬಹುದು. ಎತ್ತಿನ ಹೆಗಲು ಬಾತರೆ ಅದೇ ದಿನ ನೊಗ ಇಳಿಸಿ ಆರೈಕೆ ಮಾಡುತ್ತೇವೆ. ನಮ್ಮ ಹೆಗಲು ನೊಂದರೆ ಮಾತ್ರ, ಸುಗ್ಗಿ ಮುಗೀಲಿ, ಆಮೇಲೆ ನೋಡೋಣ ಅಂತೀವಿ. ನಾನೂ ಹಾಗೇ ಅಂದವನು.

ಹೋದ ವರ್ಷ ಭತ್ತಕ್ಕೆ ಔಷಧಿ ಹೊಡೆಯುವ ಪ್ರಾತ್ಯಕ್ಷಿಕೆಗಳು ಒಂದರ ಹಿಂದೊಂದು ಬಂದವು. ಬೆನ್ನಿಗೆ ಹಾಕಿಕೊಳ್ಳುವ 16 ಲೀಟರಿನ ಸ್ಪ್ರೇಯರು ತಮಗೆ ಗೊತ್ತೇ ಇದೆ. ಒಳಗಿನ ನೀರೇ 16 ಕಿಲೋ, ಡಬ್ಬಿಯ ತೂಕ ಬೇರೆ. ಹತ್ತು ದಿನ ಕಳೆಯುವುದರೊಳಗೆ ಬಲಗಡೆ ಕುತ್ತಿಗೆಗೂ ಹೆಗಲಿಗೂ ನಡುವೆ ನೋವು ಕೂತಿತು. ರಾತ್ರಿ ಮಗ್ಗುಲು ಬದಲಿಸಿದರೆ ಕಿವಿಯ ಹಿಂದಿನಿಂದ ಕಣತಲೆವರೆಗೂ ಸೆಳೆತ. ಎರಡು ತಿಂಗಳು ಅಂಗಡಿ ಮಾತ್ರೆ ನುಂಗಿದೆ. ನೋವು ಹೋಗಲಿಲ್ಲ, ಹೊಟ್ಟೆ ಉರಿ ಬಂತು. ಇಂಥ ಮಾತ್ರೆಯನ್ನು ಕೇಳುವವರಿಲ್ಲದೆ ದಿನಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು. ಹಿರಿಯರೊಬ್ಬರು, ಬರೆ ಹಾಕಿಸಪ್ಪ, ಸರಿಹೋಗ್ತದೆ ಅಂದರು. ಪುಣ್ಯಕ್ಕೆ ಆ ಮಾತು ಕೇಳಲಿಲ್ಲ.

ಕೊನೆಗೆ ಆಸ್ಪತ್ರೆಗೆ ಹೋದೆ. ಡಾಕ್ಟರು ಕುತ್ತಿಗೆ ತಿರುಗಿಸಿ, ಕೈಯ ಬಲ ನೋಡಿ, ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಅಲ್ಲಿದ್ದ ಅಮ್ಮನವರು ಹೆಗಲ ಮೇಲಿನ ಮಾಂಸಖಂಡವನ್ನು ಬೆರಳಿನಲ್ಲಿ ತಡಕಿದರು. ಹುರಿಮಾಡಿದ ಹಗ್ಗದಂತೆ ಬಿಗಿದ ಒಂದು ಎಳೆ, ಅದರೊಳಗೆ ಕಡಲೆಕಾಳಿನಷ್ಟು ಗಂಟು. ಒತ್ತಿದೊಡನೆ ನೋವು ನೇರ ಕಣತಲೆಗೆ ಹೊಡೆಯಿತು. ನರ ಹಿಡಿದಿದೆ ಅಂತ ನಾವು ಹೇಳುತ್ತೇವಲ್ಲ, ಬಹಳ ಸಲ ಅದು ನರವಲ್ಲ, ಮಾಂಸಖಂಡದ ಇಂಥ ಗಂಟು. ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಬಗ್ಗಿ ನಾಟಿ ಹಾಕುವ, ಕಳೆ ಕೀಳುವ, ಹೊರೆ ಹೊರುವ ಹೆಣ್ಣುಮಕ್ಕಳಿಗೆ ಸೊಂಟದಲ್ಲೂ ಹೆಗಲಲ್ಲೂ ಹೀಗೇ ಆಗುವುದುಂಟು.

ಅವರು ಮಾಡಿದ ಚಿಕಿತ್ಸೆಗೆ ಡ್ರೈ ನೀಡ್ಲಿಂಗ್, ಅಂದರೆ ಒಣ ಸೂಜಿ ಎಂದು ಹೆಸರು. ಸೂಜಿಗೆ ತೂತಿಲ್ಲ, ಔಷಧಿಯೂ ಇಲ್ಲ, ಅದಕ್ಕೇ ಒಣ ಸೂಜಿ. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಮಾಡಿದ ಜಾನೆಟ್ ಟ್ರಾವೆಲ್ ಎಂಬ ವೈದ್ಯೆ ಇಂಥ ಗಂಟಿಗೆ ಮರಗಟ್ಟಿಸುವ ಔಷಧಿ ಚುಚ್ಚುತ್ತಿದ್ದರು. ಔಷಧಿ ಇಲ್ಲದ ಬರೀ ಸೂಜಿಯಿಂದಲೂ ನೋವು ಇಳಿಯುತ್ತದೆಂದು 1979ರಲ್ಲಿ ಚೆಕೊಸ್ಲೊವಾಕಿಯಾದ ಡಾಕ್ಟರ್ ಕಾರೆಲ್ ಲೆವಿಟ್ ಬರೆದರು. ಚೀನಾದ ಅಕ್ಯುಪಂಕ್ಚರಿನಲ್ಲೂ ಇಂಥದೇ ಸೂಜಿ, ಆದರೆ ಚುಚ್ಚುವ ಜಾಗ ಆರಿಸುವ ಲೆಕ್ಕಾಚಾರ ಬೇರೆ.

ಸೂಜಿ ಮಿಲಿಮೀಟರಿನ ಕಾಲು ಭಾಗದಷ್ಟು ದಪ್ಪ. ಚರ್ಮದೊಳಗೆ ಹೋದದ್ದು ಗೊತ್ತೇ ಆಗಲಿಲ್ಲ. ಗಂಟಿಗೆ ತಾಗಿದಾಗ ಮಾತ್ರ, ನೊಣ ಕೂತರೆ ಎತ್ತಿನ ಮೈ ಅದುರುತ್ತದಲ್ಲ, ಹಾಗೆ ಮಾಂಸ ತಾನಾಗಿ ಅದುರಿತು. ಅಯ್ಯೋ ಅಂದೆ, ಸುಳ್ಳು ಯಾಕೆ ಹೇಳಲಿ. ಆ ದಿನವೂ ಮಾರನೆಯ ದಿನವೂ ಪೆಟ್ಟು ಬಿದ್ದ ಹಾಗೆ ನೋವಿತ್ತು, ಆಮೇಲೆ ಕುತ್ತಿಗೆ ಸಲೀಸಾಗಿ ತಿರುಗಿತು. ಮೂರು ಸಲ ಹೋದೆ. ಇದು ಮಂತ್ರವಲ್ಲ. ಸ್ವಲ್ಪ ಕಾಲ ನೋವು ತಗ್ಗುವುದು ನಿಜ. ಆ ಬಿಡುವಿನಲ್ಲಿ ಅವರು ಹೇಳಿಕೊಟ್ಟ ವ್ಯಾಯಾಮ ಮಾಡದೆ ಹಳೇ ರೀತಿಯಲ್ಲೇ ದುಡಿದರೆ ಗಂಟು ಮತ್ತೆ ಕಟ್ಟುತ್ತದೆ.

ಇನ್ನು ಅಪಾಯದ ಮಾತು, ಇದನ್ನು ಗಮನವಿಟ್ಟು ಕೇಳಿ. ಆ ಅಮ್ಮನವರು ಹೆಗಲ ಮಾಂಸವನ್ನು ಬೆರಳಿನಲ್ಲಿ ಎತ್ತಿ ಹಿಡಿದೇ ಚುಚ್ಚಿದರು. ಕಾರಣ, ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ತಪ್ಪಿ ತಗುಲಿದರೆ ಗಾಳಿ ಸೋರಿ ಶ್ವಾಸಕೋಶ ಕುಗ್ಗಬಹುದು. ಅಪರೂಪ, ಆದರೂ ಆಗುತ್ತದೆ. ಸೂಜಿ ಹಾಕಿಸಿಕೊಂಡ ಮೇಲೆ ಉಸಿರು ಕಟ್ಟಿದರೆ ಅಥವಾ ಎದೆ ಚುಚ್ಚಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಬ್ಬ ಗೆಳೆಯ ನನ್ನ ಕಥೆ ಕೇಳಿ, ಬಟ್ಟೆ ಹೊಲಿಯುವ ಸೂಜಿ ಕಾಯಿಸಿ ಮನೇಲೇ ಚುಚ್ಕೊಂಡ್ರೆ ಆಗಲ್ವೇನಣ್ಣ ಅಂದ. ಖಂಡಿತ ಕೂಡದು. ಫಿಸಿಯೋಥೆರಪಿ ಪದವಿಯ ಜೊತೆಗೆ ಈ ಕೆಲಸದಲ್ಲೇ ತರಬೇತಿ ಆದವರ ಹತ್ತಿರ ಹೋಗಿ. ಸೂಜಿ ಹೊಸದಿರಬೇಕು, ತಮ್ಮೆದುರೇ ಪೊಟ್ಟಣ ಒಡೆಯಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು, ಬಸುರಿಯರು ಮೊದಲೇ ಹೇಳಿಬಿಡಿ, ಸಂಕೋಚ ಬೇಡ.

ಎಲ್ಲ ನೋವೂ ಗಂಟಿನದಲ್ಲ. ಎದೆ ಹಿಡಿದು, ಬೆವರು ಬಂದು, ಎಡಗೈಗೆ ನೋವು ಇಳಿದರೆ ಅದು ಹೃದಯದ್ದಿರಬಹುದು. ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಯ ಬೆನ್ನುನೋವು, ಕೈಕಾಲು ಜೋಮು ಹಿಡಿದು ಬಲ ತಗ್ಗುವುದು, ಇವನ್ನೆಲ್ಲ ಮೊದಲು ಡಾಕ್ಟರೇ ನೋಡಬೇಕು.

ಎರಡನೇ ಸಲ ಹೋದಾಗ ಆ ಅಮ್ಮನವರು, ನಿಮ್ಮ ಸ್ಪ್ರೇಯರು ತಂದು ತೋರಿಸಿ ಎಂದರು. ತಂದು ಬೆನ್ನಿಗೇರಿಸಿ ನಿಂತೆ. ನೋಡಿದರೆ ಬಲಗಡೆ ಪಟ್ಟಿ ಗಿಡ್ಡ, ಎಡಗಡೆಯದು ಉದ್ದ. ಭಾರವೆಲ್ಲ ಒಂದೇ ಹೆಗಲ ಮೇಲೆ. ಆರು ವರ್ಷದಿಂದ ಊರೂರು ತಿರುಗಿ ಸ್ಪ್ರೇಯರು ಹಿಡಿಯುವುದನ್ನು ಕಲಿಸಿದವನು ನಾನು! ಈಗ ಎರಡೂ ಪಟ್ಟಿ ಸರಿಮಾಡಿ, ಹಳೇ ಕಂಬಳಿ ಮಡಿಸಿ ಮೆತ್ತೆ ಹೊಲಿಸಿದ್ದೇನೆ. ಡಬ್ಬಿಗೆ 10 ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ. ನೀರಿಗೆ ಎರಡು ಸಲ ಹೆಚ್ಚಿಗೆ ಓಡಾಡಬೇಕು, ಅಷ್ಟೆ. ಔಷಧಿಯ ಅಳತೆಯನ್ನೂ 10 ಲೀಟರಿಗೆ ತಕ್ಕಂತೆ ಇಳಿಸಿಕೊಳ್ಳಬೇಕು, ಅದನ್ನು ಮರೆಯಬೇಡಿ.