ಯಂತ್ರಕ್ಕೆ ಆಟೊ ಎಂದರೇನು?

ಈ ಸಭಾಂಗಣಕ್ಕೆ ಬರುವಾಗ ನಿಮ್ಮಲ್ಲಿ ಹಲವರು ಜೀಬ್ರಾ ಪಟ್ಟೆ ಇಲ್ಲದ ಕಡೆ ರಸ್ತೆ ದಾಟಿಯೇ ಬಂದಿರುತ್ತೀರಿ. ಕೈ ಅಡ್ಡ ಹಿಡಿದಿರಿ, ಬೈಕಿನವನ ಮುಖ ನೋಡಿದಿರಿ. ಅವನು ತುಸು ನಿಧಾನ ಮಾಡಿದ, ನೀವು ಎರಡು ಹೆಜ್ಜೆ ಬಿರುಸಾಗಿ ಹಾಕಿದಿರಿ. ಮಾತಿಲ್ಲದೆ ಒಪ್ಪಂದ ಮುಗಿಯಿತು. ಆ ಬೈಕಿನ ಜಾಗದಲ್ಲಿ ಚಾಲಕನೇ ಇಲ್ಲದ ಕಾರು ಬಂದರೆ ನೀವು ಯಾರ ಮುಖ ನೋಡುತ್ತೀರಿ? ಇವತ್ತಿನ ನನ್ನ ಮಾತು ಅದರ ಸುತ್ತ.

ಇಂಥ ಕಾರುಗಳು ದೊಡ್ಡ ಸುದ್ದಿಯಾದದ್ದು ಮರುಭೂಮಿಯಲ್ಲಿ. 2004ರ ಮಾರ್ಚ್‌ನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಮೊಹಾವಿಯಲ್ಲಿ ಒಂದು ಸ್ಪರ್ಧೆ ಇಟ್ಟಿತು. 142 ಮೈಲಿ ದಾರಿ, 10 ಲಕ್ಷ ಡಾಲರ್ ಬಹುಮಾನ. ಎಲ್ಲಕ್ಕಿಂತ ಮುಂದೆ ಹೋದ ವಾಹನವೂ ಏಳೂವರೆ ಮೈಲಿಯ ಹೊತ್ತಿಗೆ ಸಿಕ್ಕಿಹಾಕಿಕೊಂಡಿತು. ಮರುವರ್ಷ ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ‘ಸ್ಟಾನ್ಲಿ’ 132 ಮೈಲಿಯನ್ನು ಏಳು ಗಂಟೆಯೊಳಗೆ ಓಡಿ ಗೆದ್ದಿತು. ಅಂದು ಒಟ್ಟು ಐದು ವಾಹನಗಳು ಗುರಿ ಮುಟ್ಟಿದವು. ಒಂದೂವರೆ ವರ್ಷಕ್ಕೆ ಇದು ಸಣ್ಣ ಸಾಧನೆಯಲ್ಲ. ಆದರೆ ಅಲ್ಲಿದ್ದದ್ದು ಕಲ್ಲು, ಹಳ್ಳ, ತಿರುವು. ಕೈ ಅಡ್ಡ ಹಿಡಿಯುವವರು ಯಾರೂ ಇರಲಿಲ್ಲ.

ಈ ಕಾರುಗಳು ನೋಡುವುದು ಹೇಗೆ? ಕ್ಯಾಮೆರಾ ಇದೆ, ರಾಡಾರ್ ಇದೆ, ಹಲವದರಲ್ಲಿ ಲೈಡಾರ್ ಕೂಡ ಇದೆ. ಲೈಡಾರ್ ಲೇಸರ್ ಬೆಳಕನ್ನು ಚಿಮ್ಮಿಸಿ, ಅದು ತಾಗಿ ಮರಳಲು ಹಿಡಿದ ಹೊತ್ತಿನಿಂದ ದೂರ ಅಳೆಯುತ್ತದೆ. ‘ಅಲ್ಲೇನೋ ಇದೆ’ ಎಂಬಷ್ಟು ಇವುಗಳಿಂದ ತಿಳಿಯುತ್ತದೆ. ಆ ‘ಏನೋ’ ಮುಂದಿನ ಕ್ಷಣ ಎತ್ತ ಹೋದೀತು ಎಂದು ಊಹಿಸಲು ಅದು ಏನೆಂದು ಗೊತ್ತಿರಬೇಕು. ಕಲ್ಲು ಇದ್ದಲ್ಲೇ ಇರುತ್ತದೆ; ಮಲಗಿದ ಹಸು ಎದ್ದೀತು; ಚೆಂಡಿನ ಹಿಂದೆ ಮಗು ಓಡೀತು. ಊಹೆಗೆ ಮೊದಲು ಹೆಸರು ಬೇಕು.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದು 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ನಗರದಲ್ಲಿ ಗೊತ್ತಾಯಿತು. ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ಅಗಲವಾದ ರಸ್ತೆ ದಾಟುತ್ತಿದ್ದರು. ಪರೀಕ್ಷೆಗೆಂದು ಓಡುತ್ತಿದ್ದ ಕಾರಿನ ಸಾಧನಗಳು ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಆಕೆಯನ್ನು ಕಂಡಿದ್ದವು. ಕಂಡದ್ದನ್ನು ತಂತ್ರಾಂಶ ಒಮ್ಮೆ ವಾಹನ ಎಂದಿತು, ಒಮ್ಮೆ ಬೇರೇನೋ ಎಂದಿತು, ಇನ್ನೊಮ್ಮೆ ಸೈಕಲ್ ಎಂದಿತು. ಹೆಸರು ಬದಲಾದಾಗಲೆಲ್ಲ ಆಕೆ ಅಲ್ಲಿಯವರೆಗೆ ನಡೆದ ಜಾಡನ್ನು ಮರೆತು ಲೆಕ್ಕವನ್ನು ಮೊದಲಿನಿಂದ ಶುರು ಮಾಡಿತು. ಒಳಗೆ ನಿಗಾಕ್ಕೆಂದು ಕೂತವರ ಕಣ್ಣು ರಸ್ತೆಯ ಮೇಲಿರಲಿಲ್ಲ. ಆಕೆ ಬದುಕಲಿಲ್ಲ. ಪಟ್ಟೆ ಬಿಟ್ಟು ದಾಟುವ ಪಾದಚಾರಿಗಳು ಇರುತ್ತಾರೆ ಎಂಬುದನ್ನೇ ಆ ವಿನ್ಯಾಸ ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ತಿಳಿಸಿತು. ಆ ಲೆಕ್ಕದಲ್ಲಿ, ಸಂಜೆ ಇಲ್ಲಿಗೆ ಬಂದ ನಾವೂ ಇಲ್ಲ.

ಅದೇ 2018ರಲ್ಲಿ ನಮ್ಮ ಕಡೆ ಒಂದು ಕೆಲಸ ನಡೆಯಿತು. ಯಂತ್ರಕ್ಕೆ ಹೆಸರು ಕಲಿಸಲು ಅಲ್ಲಿಯವರೆಗೆ ಸಂಶೋಧಕರು ಹೆಚ್ಚಾಗಿ ನೆಚ್ಚಿಕೊಂಡಿದ್ದ ಚಿತ್ರಸಂಗ್ರಹಗಳಲ್ಲಿ ಒಂದು ಬಹುಪಾಲು ಜರ್ಮನಿಯ ನಗರಗಳದು: ಅಚ್ಚುಕಟ್ಟಾದ ಲೇನು, ಅಚ್ಚುಕಟ್ಟಾದ ಫುಟ್‌ಪಾತು. ಹೈದರಾಬಾದಿನ ಐಐಐಟಿ ಹಾಗೂ ಇಂಟೆಲ್‌ನ ಸಂಶೋಧಕರು ಕಾರಿನ ಮುಂದೆ ಕ್ಯಾಮೆರಾ ಕಟ್ಟಿ ಹೈದರಾಬಾದು, ಬೆಂಗಳೂರುಗಳಲ್ಲಿ ಮತ್ತು ಅವುಗಳ ಹೊರವಲಯದಲ್ಲಿ ಓಡಾಡಿದರು. 182 ಓಡಾಟಗಳಿಂದ 10,000 ಚಿತ್ರ ಆಯ್ದರು. ಪ್ರತಿ ಚಿತ್ರದಲ್ಲೂ ವಸ್ತುಗಳ ಅಂಚು ಹಿಡಿದು ಗೆರೆ ಎಳೆದು, 34 ಬಗೆಯ ಹೆಸರು ಹಚ್ಚಲಾಯಿತು.

ಆ ಪಟ್ಟಿಯಲ್ಲಿ ಆಟೊರಿಕ್ಷಾ ಇದೆ. ಪ್ರಾಣಿ ಇದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ನೊಂದು: ಡಾಂಬರು ಮುಗಿದ ಮೇಲಿನ ಮಣ್ಣಂಚಿನಂಥ ಜಾಗಕ್ಕೆ ಬೇರೆಯದೇ ಹೆಸರು. ರಸ್ತೆಯಲ್ಲ, ಆದರೂ ಗಾಡಿ ಇಳಿಸಬಹುದು ಎಂದು ಅದರ ಅರ್ಥ. ಎದುರಿನಿಂದ ಬಸ್ಸು ಬಂದಾಗ ನಾವೆಲ್ಲ ಎಡಗಡೆ ಎರಡು ಗಾಲಿ ಇಳಿಸುತ್ತೇವಲ್ಲ, ಅದೇ ಜಾಗ. ನಮಗೆ ಹುಟ್ಟಿನಿಂದ ಗೊತ್ತಿದ್ದ ಮಾತನ್ನು ಯಂತ್ರಕ್ಕೆ ಯಾರೋ ಕೂತು, ಗೆರೆ ಎಳೆದು ಹೇಳಿಕೊಡಬೇಕಾಯಿತು.

ಸಿಗ್ನಲ್ಲಿನ ವಿಷಯವೂ ಇದೇ. ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ ಈಗ ಕ್ಯಾಮೆರಾ ವಾಹನಗಳ ದಟ್ಟಣೆ ನೋಡಿ ಹಸಿರು ದೀಪದ ಹೊತ್ತನ್ನು ಹಂಚುತ್ತದೆ. ಒಳ್ಳೆಯದೇ. ಖಾಲಿ ರಸ್ತೆಗೆ ಹಸಿರು ತೋರಿಸುತ್ತ ಕೂರುವ ಸಿಗ್ನಲ್ ಯಾರಿಗೆ ಬೇಕು? ಆದರೆ ಎಣಿಕೆಯ ಗುಣ ಒಂದೇ: ಎಣಿಸಿದವರಿಗೆ ಪಾಲು ಸಿಗುತ್ತದೆ. ಫುಟ್‌ಪಾತಿನ ಅಂಚಿನಲ್ಲಿ ಚೀಲ ಹಿಡಿದು ನಿಂತ ಅಜ್ಜಿಯನ್ನು ಎಣಿಸದ ಸಿಗ್ನಲ್ ಎಷ್ಟು ಚುರುಕಾಗಿದ್ದರೂ ಅಜ್ಜಿಯ ಪಾಲಿಗೆ ಕುರುಡೇ.

ಆಟೊ ಎಂಬ ಹೆಸರು ಯಂತ್ರಕ್ಕೆ ಸಿಕ್ಕಿತು. ಆಟೊದ ಎಡಬದಿಯಿಂದ ಚಾಲಕ ಹೊರಚಾಚುವ ಪಾದಕ್ಕೆ? ಅದು ಎಡಕ್ಕೆ ತಿರುಗುತ್ತೇನೆ ಎಂಬ ಇಂಡಿಕೇಟರ್ ಎಂದು ನಮಗೆ ಗೊತ್ತು. ಒಮ್ಮೊಮ್ಮೆ ಕಾಲು ಜೋಮು ಹಿಡಿದದ್ದಷ್ಟೇ ಎಂಬುದೂ ಗೊತ್ತು. ಇವೆರಡರ ನಡುವಿನ ವ್ಯತ್ಯಾಸ ಯಾವ ಪಟ್ಟಿಗೂ ಸುಲಭಕ್ಕೆ ಬಗ್ಗುವುದಿಲ್ಲ.

ಆದ್ದರಿಂದ ಚಾಲಕನಿಲ್ಲದ ಕಾರು ನಮ್ಮೂರಿಗೆ ಬಂದ ದಿನ ಅದರ ವೇಗ ಎಷ್ಟು, ಬೆಲೆ ಎಷ್ಟು ಎಂದು ಆಮೇಲೆ ಕೇಳೋಣ. ಯಾವ ಊರಿನ ರಸ್ತೆಯಲ್ಲಿ ಕಲಿತು ಬಂದೆ, ಕೈ ಅಡ್ಡ ಹಿಡಿದವರನ್ನು ಏನೆಂದು ಕರೆಯುತ್ತೀಯ ಎಂದು ಮೊದಲು ಕೇಳೋಣ. ಉತ್ತರ ಬರುವತನಕ, ಮನೆಗೆ ಹೋಗುವಾಗ ಎರಡೂ ಕಡೆ ನೋಡಿ ರಸ್ತೆ ದಾಟಿ.