ಲಾರಿ ಯಾರ ಹೆಸರಿನಲ್ಲಿದೆ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಲಾರಿ ಓಡಿಸುವ ಹೆಂಗಸು ಹೇಗಿರುತ್ತಾಳೆ ನೋಡೋಣ ಎಂದು ಕೆಲವರು ಬಂದಿದ್ದೀರಿ. ನೋಡಿ. ಮಾತನ್ನೂ ಕೇಳಿ.

ಏಳು ವರ್ಷದಿಂದ ನಾನೂ ನಮ್ಮ ಮನೆಯವರೂ ಒಂದೇ ಲಾರಿಯ ಇಬ್ಬರು ಡ್ರೈವರುಗಳು. ಅರಸೀಕೆರೆಯಲ್ಲಿ ತೆಂಗಿನಕಾಯಿ ತುಂಬಿ, ಹಿರಿಯೂರಿನಲ್ಲಿ ಹೆದ್ದಾರಿ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಮುಂಬಯಿ ಕಡೆಯ ವಾಶಿ ಮಾರ್ಕೆಟ್ಟಿಗೆ. ಒಬ್ಬರು ಸ್ಟೇರಿಂಗ್ ಹಿಡಿದರೆ ಇನ್ನೊಬ್ಬರು ಹಿಂದಿನ ಹಲಗೆಯ ಮೇಲೆ ನಿದ್ದೆ. ನಿಪ್ಪಾಣಿ ತನಕ ಅವರು, ಅಲ್ಲಿಂದ ನಾನು. ಖಂಡಾಲಾ ಘಾಟಿ ಇಳಿಸುವವಳು ನಾನೇ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿದರೆ ಬ್ರೇಕು ಕಾದು ಹಿಡಿಯದೆ ಹೋಗುತ್ತದೆ; ಸಣ್ಣ ಗೇರಿನಲ್ಲೇ ಇಳಿಸಬೇಕು. ಅವರಿಗೆ ಆ ತಾಳ್ಮೆ ಇಲ್ಲ.

ಕಷ್ಟ ಡ್ರೈವಿಂಗ್ ಅಲ್ಲ, ಕಕ್ಕಸು. ಡಾಬಾದವರು ಹೆಂಗಸರು ಲಾರಿಯಿಂದ ಇಳಿಯುತ್ತಾರೆಂದು ಎಣಿಸಿಯೇ ಇಲ್ಲ. ನೀರು ಕುಡಿಯದೆ ಓಡಿಸಿ ಓಡಿಸಿ ಉರಿಮೂತ್ರ ಬಂದು ಎರಡು ಸಲ ಆಸ್ಪತ್ರೆ ಸೇರಿದೆ.

ಈಗ ಮುಖ್ಯ ವಿಷಯ. ಈ ಲಾರಿಗೆ ಮೊದಲು ಕಟ್ಟಿದ ದುಡ್ಡು ನಮ್ಮಪ್ಪ ಒಂದು ಎಕರೆ ಹೊಲ ಮಾರಿ ಮದುವೆಯಲ್ಲಿ ಕೊಟ್ಟದ್ದು. ವರದಕ್ಷಿಣೆ ಅನ್ನಲಿಲ್ಲ, 'ಅಳಿಯನಿಗೆ ಆಸರೆ' ಅಂದರು. ಆರ್.ಸಿ. ಅವರ ಹೆಸರಿಗೆ. ಬಾಡಿಗೆಯೂ ಅವರ ಕೈಗೆ. ಅರ್ಧ ದಾರಿ ಓಡಿಸುವ ನನಗೆ ಊಟ ಮಾತ್ರ.

ಒಂದು ರಾತ್ರಿ ಸಾತಾರಾ ಹತ್ತಿರ ಬಾಡಿಗೆಯ ಲೆಕ್ಕ ಕೇಳಿದ್ದಕ್ಕೆ ಕ್ಯಾಬಿನ್ನಿನಲ್ಲೇ ಹೊಡೆದರು. ಮನೆಯಲ್ಲಾದರೆ ಪಕ್ಕದ ಮನೆಯವರಾದರೂ ಇರುತ್ತಾರೆ. ಅಲ್ಲಿ ಯಾರು? ಬಸ್ಸಿಗೆ ಕಾಸಿಲ್ಲ, ಭಾಷೆ ಬಾರದು, ನನ್ನ ಲೈಸೆನ್ಸೂ ಅವರ ಜೇಬಿನಲ್ಲಿ. ಊದಿದ ಕಣ್ಣಿನಲ್ಲೇ ಲೋಡು ಮುಟ್ಟಿಸಿದೆ.

ಊರಿಗೆ ಬಂದು ಲಾರಿ ಹತ್ತಲಿಲ್ಲ. ಸಂಘದ ಅಕ್ಕಂದಿರು ನನ್ನನ್ನು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹತ್ತಿರ ಕರೆದುಕೊಂಡು ಹೋದರು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿ ಅವರೇ. ಹೊಡೆತ ಮಾತ್ರವಲ್ಲ, ದುಡ್ಡು ಕೊಡದೆ ಕಟ್ಟಿಹಾಕುವುದೂ ಆ ಕಾಯ್ದೆಯಲ್ಲಿ ದೌರ್ಜನ್ಯ ಎಂದು ಅಲ್ಲೇ ತಿಳಿದದ್ದು. ಮದುವೆಗೆ ಮೊದಲೋ ಮದುವೆಯಲ್ಲೋ ಬೇರೆಯವರು ಪಡೆದ ವರದಕ್ಷಿಣೆಯನ್ನು ಮೂರು ತಿಂಗಳೊಳಗೆ ಹೆಣ್ಣಿಗೇ ಒಪ್ಪಿಸಬೇಕೆಂದು 1961ರ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಯಾರಿಗೆ ಒಪ್ಪಿಸಿದ್ದಾರೆ, ಕೈ ಎತ್ತಿ ನೋಡೋಣ.

ಲಾರಿ ಮೂರು ವಾರ ನಿಂತಿತು. ಕಂತು ತಪ್ಪಿದಾಗ ಮಾತಿಗೆ ಬಂದರು. ಈಗ ಅರ್ಧ ಬಾಡಿಗೆ ನನ್ನ ಖಾತೆಗೆ, ಲೈಸೆನ್ಸು ನನ್ನ ಚೀಲದಲ್ಲಿ. ಕೈ ಎತ್ತುವುದಿಲ್ಲ. ಬದಲಾದರೋ, ಲಾರಿ ಮತ್ತೆ ನಿಂತೀತೆಂದು ಹೆದರಿದರೋ, ನನಗೂ ಗೊತ್ತಿಲ್ಲ. ಆರ್.ಸಿ. ಮಾತ್ರ ಸಾಲ ತೀರಿದ ಮೇಲೆ ನನ್ನ ಹೆಸರಿಗೆ ಎಂದು ಹಿರಿಯರ ಮುಂದೆ ಬರೆದುಕೊಟ್ಟಿದ್ದಾರೆ. ಹದಿನಾಲ್ಕು ಕಂತು ಬಾಕಿ. ಗುರುವಾರ ಲೋಡು ಇದೆ. ಕೇಳುವುದಿದ್ದರೆ ಈಗಲೇ ಕೇಳಿ.